ಗದ್ದೆ ತೋಟವಾಯ್ತು, ಭೂಮಿ ಹುಣ್ಣಿಮೆ ಕಡುಬು ಎಲ್ಲಿ ಹುಗಿಯೋದು?

ಗದ್ದೆಮನೆ ಸೊಸೆ, ಸಾಗರ ಸೀಮೆ

ಹಸ್ತ ಮಳೆ ಮುಗೀತಾ ಬಂತು. ಬೆಳಿಗ್ಗೆ ಇಬ್ಬನಿ ಬೀಳ್ತಿದೆ, ಇನ್ನೇನು ಚಳಿ ಶುರು. ಬೇರೆ ವರ್ಷವಾಗಿದ್ದರೆ ಈಗ ಭತ್ತ ಹೊಡೆಗೆ, ಅಂದ್ರೆ ತೆನೆ ಹೊರಬೀಳೋ ಮುಂಚಿನ ಬಸುರಿಗೆ, ಬಂದಿರ್ತಿತ್ತು. ಆ ಬಸುರಿ ಭೂಮಿಗೆ ಬಯಕೆ ಊಟ ಬಡಿಸಿ, ಗದ್ದೇಲಿ ಕಡುಬು ಹುಗಿಯೋ ಹಬ್ಬವೇ ಭೂಮಿ ಹುಣ್ಣಿಮೆ. ದಸರಾ ಕಳೆದ ಕೂಡಲೇ ಹಬ್ಬದ ಎಡೆ ಒಯ್ಯೋ ಭೂಮಣ್ಣಿ ಬುಟ್ಟಿ ಕೆಳಗಿಳಿಸಿ, ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಅಕ್ಕಿ ಹಿಟ್ಟಲ್ಲಿ ಪುಂಡಿನಾರು ಅದ್ದಿ ಅತ್ತೆ ಚಿತ್ತಾರ ಬರೆಯೋರು. ಈಗ ಅವರಿಗೆ ಕಣ್ಣು ಮಂಜು, ನಾನೇ ಬರೀತೀನಿ.

ನಮ್ಮ ಗದ್ದೆ ಈ ಬೇಸಿಗೇಲಿ ತೋಟವಾಯ್ತು. ನಾಟಿಗೆ ಆಳಿಲ್ಲ, ಮಾಡಿದ ಖರ್ಚೂ ಹುಟ್ತಿರಲಿಲ್ಲ. ಬಸಿಗಾಲುವೆ ತೆಗೆಸಿ ಅಡಿಕೆ ಸಸಿ ನೆಟ್ಟಿದ್ದಾರೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ನನಗೆ ಈ ಹಬ್ಬದ ನಂಬಿಕೆ ಬಂದದ್ದೇ ಕಣ್ಣಾರೆ ಕಂಡು. ನಾನು ಮೊದಲ ಬಸುರಿಯಾಗಿದ್ದಾಗ ಅತ್ತೆ ಒಂದು ಹೊಡೆ ಸುಲಿದು ಒಳಗಿನ ಎಳೇ ತೆನೆ ತೋರಿಸಿ, "ಅವಳಿಗೂ ಬಯಕೆ ಕಣೆ" ಅಂದಿದ್ದರು. ಭೂಮ್ತಾಯಿ ಬಂದು ಉಣ್ತಾಳೆ ಅನ್ನೋದನ್ನ ಅವತ್ತಿಂದ ಅನುಮಾನಿಸಿಲ್ಲ. ಈ ಸಲ ಬಸುರಿ ಪೈರೇ ಇಲ್ಲ. ಬಯಕೆ ಊಟ ಯಾರಿಗೆ ಬಡಿಸಲಿ?

ಇನ್ನೊಂದು. ಹುಗಿದ ಕಡುಬನ್ನ ನಾವು ಕೊಯ್ಲಿನ ದಿನ ತೆಗೆದು ಪ್ರಸಾದ ಅಂತ ಹಂಚ್ತೀವಿ. ಅಡಿಕೆ ಫಸಲಿಗೆ ಇನ್ನೂ ಐದಾರು ವರ್ಷ ಬೇಕು. ಅಲ್ಲೀತನಕ ಹೇಗೆ? ತಿಳಿದವರು ಹೇಳಿ.

ಸೊರಬದ ತೋಟಿಗ

ಅಕ್ಕಾ, ನಮ್ಮದು ಅಪ್ಪನ ಕಾಲದಲ್ಲೇ ತೋಟ ಆಯ್ತು. ಹಬ್ಬ ನಿಂತಿಲ್ಲ. ಒಂದು ಅಡಿಕೆ ಮರದ ಬುಡ ಸಾರಿಸಿ, ಅಮ್ಮ ತನ್ನ ಕರಿಮಣಿ ಸರ ಮರಕ್ಕೆ ತೊಡಿಸಿ ಪೂಜೆ ಮಾಡ್ತಾರೆ. ರಾತ್ರಿಯಿಡೀ ಅಡಿಗೆ. ಬೆಳಕು ಹರಿಯೋ ಮುಂಚೆ ನಾನು ಸೊಪ್ಪುಗಳ ಹಚ್ಚಂಬಲಿ ಎಡೇನ "ಹಚ್ಚಂಬ್ಲಿ, ಹಾಲಂಬ್ಲಿ" ಅಂತ ಕೂಗ್ತಾ ತೋಟದ ಮೂಲೆಮೂಲೆಗೂ ಬೀರಿ ಬರ್ತೀನಿ. ಕಡುಬು ತೆಗೆಯೋದು ಮೊದಲ ಅಡಿಕೆ ಗೊನೆ ಇಳಿಸೋ ದಿನ. ಎಳೇ ತೋಟಕ್ಕೆ ಏನು ಕ್ರಮ ಅಂತ ಅಮ್ಮನ್ನ ಕೇಳಿದೆ, "ಊರಲ್ಲಿ ಯಾರಾದ್ರೂ ಭತ್ತ ಕೊಯ್ಯೋ ದಿನ ತೆಗೀಲಿ" ಅಂದರು.

ಬಾಗಲಕೋಟಿ ಹುಡುಗ

ಅಕ್ಕಾರ, ನಮ್ಮ ಕಡೆ ಇದಕ್ಕ ಶೀಗಿ ಹುಣ್ಣಿಮಿ ಅಂತಾರ. ಚಳಿ ಜೋರಾದ ಮ್ಯಾಲ ಎಳ್ಳ ಅಮಾವಾಸಿ ಬರತೈತಿ, ಅವತ್ತೂ ಹೊಲದಾಗ ಐದು ಕಲ್ಲಿಗೆ ಸುಣ್ಣಾ ಹಚ್ಚಿ, ಪಾಂಡವರಂತ ಪೂಜಾ ಮಾಡಿ ಚರಗ, ಅಂದ್ರ ಭೂಮಿಗೆ ಎಡಿ, ಚೆಲ್ಲತೀವಿ. ಸಜ್ಜಿ ಕಡಬು, ಪುಂಡಿಪಲ್ಲೆ, ಎಣ್ಣಿಗಾಯಿ, ಶೇಂಗಾ ಹೋಳಿಗಿ ಎಲ್ಲಾ ಮೊದಲ ಭೂಮಿಗೆ, ಆಮ್ಯಾಲ ನಮಗ.

ಒಂದು ವರ್ಷ ಹಿಂಗಾರಿ ಮಳಿ ಕೈಕೊಟ್ಟು ಬಿಳಿಜೋಳ ಮೊಳಕಾಲೆತ್ತರಕ್ಕ ಒಣಗಿತ್ತು. ಚರಗ ಯಾಕ ಅಂತ ಕೇಳಿದ್ದಕ್ಕ ಅಪ್ಪ ಹೊಲದ ನಡುವ ನಿಂತು, "ಅವ್ವಗ ಆರಾಮ ಇಲ್ದಾಗ ಊಟ ಕೊಡೂದು ಬಿಡ್ತೀಯೇನು?" ಅಂದಿದ್ದ. ಈಗ ಹೊಲ ಲಾವಣಿಗೆ (ಗೇಣಿಗೆ) ಕೊಟ್ಟೇವಿ, ನಾನು ಪುಣೆದಾಗ ಕೆಲಸಕ್ಕ ಅದೀನಿ. ಆದ್ರೂ ಚರಗಕ್ಕ ಊರಿಗೆ ಹೋಗತೀನಿ. ಬೆಳಿ ಲಾವಣಿಯವರದು, ಭೂಮಿ ನಮ್ಮವ್ವನೇ.

ಹೊಸನಗರದ ಹಿರಿಯ

ತಂಗೀ, ಪೂಜೆ ಎಲ್ಲಿ ಮಾಡಿದರೂ ಸಲ್ಲುತ್ತದೆ. ನನ್ನ ಚಿಂತೆ ಹಚ್ಚಂಬಲಿಯದು. ನೂರೊಂದು ಕುಡಿ ಅಂತೀವಲ್ಲ, ಕೆಸು, ಒಂದೆಲಗ, ಹೊನಗೊನೆ, ಕನ್ನೆಕುಡಿ, ಇವೆಲ್ಲ ಬೆಳೆಯೋದು ಗದ್ದೆ ಬದುವಿನಲ್ಲಿ, ನೀರು ಹರಿಯೋ ಅಂಚಿನಲ್ಲಿ. ತೋಟ ಆದ ಮೇಲೆ ಜನ ಬದುವಿಗೂ ಕಳೆನಾಶಕ ಹೊಡೆಸ್ತಾರೆ. ನಮ್ಮೂರಲ್ಲಿ ಈಗ ಹತ್ತು ಬಗೆ ಸೊಪ್ಪು ಕೂಡಿಸೋದೇ ಕಷ್ಟ. ನಿಮ್ಮ ಮನೆಯವರಿಗೆ ಹೇಳಿ ಬದು ಉಳಿಸಿಕೊಳ್ಳಿ. ಆಗೋದಾದರೆ ಕೆಳಗಿನ ಜೌಗು ಮೂಲೆಯಲ್ಲಿ ಎರಡು ಗುಂಟೆ ಭತ್ತವನ್ನೂ ಇಟ್ಟುಕೊಳ್ಳಿ. ಭೂಮಿಗೆ ಬಡಿಸೋ ಸೊಪ್ಪನ್ನ ಭೂಮಿಯೇ ಕೊಡಬೇಕು, ಪೇಟೆಯಿಂದ ಕೊಂಡು ತರೋದಲ್ಲ.

ಗದ್ದೆಮನೆ ಸೊಸೆ, ಸಾಗರ ಸೀಮೆ

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯ ತಮ್ಮಾ, ನಿಮ್ಮಪ್ಪನ ಮಾತು ಅತ್ತೆಗೆ ಓದಿ ಹೇಳಿದೆ, ಎರಡು ಸಲ ಓದಿಸಿಕೊಂಡರು. ಹಬ್ಬ ಮಾಡ್ತೀವಿ. ನಮ್ಮ ಬಸಿಗಾಲುವೆ ನೀರು ಇಳಿಯೋದು ಕೆಳಗಿನ ಮನೆಯವರ ಗದ್ದೆಗೆ, ಅವರ ಪೈರು ಹೊಡೆಯಲ್ಲಿದೆ. ಅವರು ಕೊಯ್ಯೋ ದಿನ ನಮ್ಮ ಕಡುಬು ತೆಗೆದು ಅವರಿಗೂ ಕೊಡೋದು ಅಂತ ಮಾತಾಯ್ತು. ಬದುವಿಗೆ ಔಷಧಿ ಹೊಡೆಸಲ್ಲ ಅಂತ ಮನೆಯವರೂ ಒಪ್ಪಿದ್ದಾರೆ.

ಸೊರಬದ ತಮ್ಮಾ, ನಮ್ಮ ಸಸಿ ಇನ್ನೂ ಮೊಳದುದ್ದ. ಕರಿಮಣಿ ಹಾಕಿದರೆ ಗರಿ ಮುರಿದೀತು. ಪಕ್ಕದಲ್ಲಿ ಗೂಟ ನೆಟ್ಟು ಅದಕ್ಕೆ ತೊಡಿಸಬಹುದಾ ಅಂತ ಅಮ್ಮನ್ನ ಕೇಳಿ ಹೇಳ್ತೀರಾ?