ಹೊಜರಿ ಲುಬಾನ್ ಕೆಂಡಕ್ಕೆ ಹಾಕಿದರೆ ಕಮಟು ಹೊಗೆ, ಯಾಕೆ?

ಕಡಲತಡಿ:
ಒಮಾನಿನ ಸಲಾಲಾದಿಂದ ಹೊಜರಿ ಲುಬಾನ್ (ಧೂಪ ಹಾಕುವ ಮರದಂಟು, ಅದರಲ್ಲಿ ಮೇಲ್ದರ್ಜೆಯದು) ತರಿಸಿದ್ದೇವೆ. ತಿಳಿಹಸಿರು ಹರಳು, ಹಾಗೇ ಮೂಸಿದರೆ ನಿಂಬೆಯಂಥ ಒಳ್ಳೆ ಪರಿಮಳ. ಕೆಂಡಕ್ಕೆ ಹಾಕಿದ ತಕ್ಷಣ ಕಪ್ಪು ಹೊಗೆ, ಸೀದ ವಾಸನೆ. ಮಾಲು ಕಲಬೆರಕೆಯಾ, ಹಾಕೋ ಕ್ರಮ ತಪ್ಪಾ? ಅಲ್ಲಿನವರು ಇದನ್ನು ನೆನೆಸಿ ನೀರು ಕುಡೀತಾರಂತೆ, ಮಂಡಿನೋವಿಗೆ ಆಗುತ್ತಾ?

ಗ್ರಂಧಿಗೆ ಅಂಗಡಿ:
ಕೆಂಡದ ಕಾವು ಜಾಸ್ತಿಯಾಗಿದೆ, ಅಷ್ಟೆ. ಪರಿಮಳ ಇರುವುದು ಅಂಟಿನೊಳಗಿನ ತೈಲದಲ್ಲಿ. ಅದು ಮೊದಲು ಹಾರಿಹೋಗುತ್ತದೆ. ಉಳಿದ ರಾಳ, ಗೋಂದು ಸೀದರೆ ಕಮಟು. ಕೆಂಡ ಪೂರ್ತಿ ಬೂದಿ ಕಟ್ಟುವವರೆಗೆ ಕಾಯಿರಿ. ಮೇಲೆ ಅರ್ಧ ಬೆರಳು ದಪ್ಪ ಜರಡಿ ಹಿಡಿದ ಬೂದಿ ಹರಡಿ, ಬಟಾಣಿ ಗಾತ್ರದ ಒಂದೇ ಹರಳು ಇಡಿ. ಅದು ಉಬ್ಬಿ, ಅಂಚು ಮೆತ್ತಗಾಗಿ, ಬಿಳಿ ಹೊಗೆ ಎಳೆ ಬಿಡಬೇಕು, ಉರಿ ಹತ್ತಲೇಬಾರದು. ಕಪ್ಪಾದ ಉಳಿಕೆಯನ್ನು ಇಕ್ಕಳದಿಂದ ತೆಗೆದು ಇನ್ನೊಂದು ಹರಳು ಇಡಿ. ಹಳೆಯದರ ಮೇಲೇ ಸುರಿಯುತ್ತಾ ಹೋದರೆ ಎಂಥ ಹೊಜರಿಯೂ ಕೆಡುತ್ತದೆ.

ಬೆಂಕಿಕಡ್ಡಿಗೇ ಹತ್ತುವ ಬಿಲ್ಲೆ ಇದ್ದಿಲಾದರೆ ಅದರಲ್ಲಿ ಬೇಗ ಹತ್ತಲೆಂದು ಬೆರೆಸಿದ ಪೆಟ್ಲುಪ್ಪು ಇರುತ್ತದೆ. ಕಿಡಿ ಸಿಡಿಯುವುದು ನಿಂತು ಆ ವಾಸನೆ ಹೋದ ಮೇಲೆ ಧೂಪ ಇಡಿ. ತೆಂಗಿನ ಕರಟದ ಕೆಂಡ ಇದಕ್ಕಿಂತ ಎಷ್ಟೋ ವಾಸಿ.

ಹಾಲುಮಡ್ಡಿ:
ಹರಳಿಗೆ ತೊಗಟೆ ಚೂರು ಅಂಟಿದೆಯಾ ನೋಡಿ, ಇದ್ದರೆ ಕೆರೆದು ತೆಗೆಯಿರಿ. ಕಮಟಿಗೆ ಅದೂ ಕಾರಣ. ಸಲಾಲಾ ಇರುವ ದೋಫಾರ್ ಸೀಮೆಯಲ್ಲಿ ಮನ್ಕಫ್ ಅನ್ನೋ ಉಳಿಯಿಂದ ತೊಗಟೆ ಕೆರೆದು ಅಂಟು ಒಸರಿಸುತ್ತಾರೆ. ಮೊದಲ ಸಲದ್ದು ಕೀಳು ಮಾಲು, ಮುಂದಿನ ಕೆತ್ತುಗಳಲ್ಲಿ ಬಂದದ್ದಕ್ಕೇ ಬೆಲೆ.

ಅನುಮಾನ ಹೋಗಬೇಕೆಂದರೆ ಚಿಕ್ಕ ಹರಳೊಂದನ್ನು ನೀರು ಚಿಮುಕಿಸಿ ಕಲ್ಲಿನ ಮೇಲೆ ತೇಯಿರಿ. ಲುಬಾನ್ ಕೊಡುವ ಬೊಸ್ವೆಲಿಯಾ ಮರದ ಅಂಟಾದರೆ ಒಳಗಿನ ಗೋಂದು ಕದಡಿ ಹಾಲಿನ ಬಣ್ಣ ಬರುತ್ತದೆ. ಪೈನ್ ರಾಳದ ತುಂಡಿನಲ್ಲಿ ಗೋಂದಿಲ್ಲ, ಬರೀ ಒಣ ಪುಡಿಯಾಗುತ್ತದೆ. ಸುಮಾತ್ರಾದಿಂದ ಬರುವ ಸಾಂಬ್ರಾಣಿ ಸ್ಟೈರಾಕ್ಸ್ ಮರದ್ದು, ಬೇರೆಯೇ ಪದಾರ್ಥ; ಅದರ ವೆನಿಲಾ ಸಿಹಿಗಂಪಿನಿಂದಲೇ ಗೊತ್ತಾಗುತ್ತದೆ.

ಶಲ್ಲಕಿ:
ತಿಳಿ ಹರಳನ್ನು ರಾತ್ರಿ ನೆನೆಸಿ ಬೆಳಿಗ್ಗೆ ಕುಡಿಯುವ ರೂಢಿ ಒಮಾನಿನಲ್ಲಿ ಇರುವುದು ನಿಜ. ಆದರೆ ಮಂಡಿನೋವಿಗೆ ಅದನ್ನು ನಂಬಬೇಡಿ. ನೋವಿಗೆ ಆಗುತ್ತದೆ ಎನ್ನುವ ಅಂಶ, ಅಂದರೆ ರಾಳದಲ್ಲಿರುವ ಬೊಸ್ವೆಲಿಕ್ ಆಮ್ಲಗಳು, ನೀರಿಗೆ ಇಳಿಯುವುದು ತೀರಾ ಕಡಿಮೆ. ಲೋಟದಲ್ಲಿರುವುದು ಬಹುಪಾಲು ಗೋಂದು. ಕೀಲುನೋವಿಗೆ ಪ್ರಯೋಗಗಳು ನಡೆದಿರುವುದು ನಮ್ಮ ದೇಶದ ಬೊಸ್ವೆಲಿಯಾ ಸೆರಾಟಾದ ಸತ್ವದ ಮೇಲೆ, ಅದು ಬೇರೆ ಜಾತಿಯ ಮರ. ಆವಿಯಲ್ಲಿ ಇಳಿಸಿದ ತೈಲದಲ್ಲಂತೂ ಈ ಆಮ್ಲಗಳು ಹೆಚ್ಚುಕಡಿಮೆ ಇರುವುದೇ ಇಲ್ಲ, ಭಾರದ ಅಣುಗಳು ಆವಿಯ ಜೊತೆ ಏಳುವುದಿಲ್ಲ. ತೈಲವನ್ನು ಹೊಟ್ಟೆಗೆ ತೆಗೆದುಕೊಳ್ಳಲೇಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಆ ಸೆರಾಟಾ ಸತ್ವದ ಶಲ್ಲಕಿ ಮಾತ್ರೆಗೂ ಮೊದಲು ವೈದ್ಯರನ್ನು ಕೇಳಬೇಕು. ಮನೆಯಲ್ಲಿ ಆಸ್ತಮಾದವರಿದ್ದರೆ ಧೂಪ ಅಂಗಳದಲ್ಲಿ ಹಾಕಿ.