ಕ್ಯಾಪಿಗೆ ಪಾಲಿಶ್ ‘ಹಾಕುವುದೋ’, ‘ಒಪ್ಪ ಕೊಡುವುದೋ’? ಲೋಹ ‘ಬಿಡುಗಡೆ’ ಆಗುತ್ತದೋ, ‘ಬಿಡುತ್ತದೋ’?

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆಯಿಂದ ಬರೆಯುತ್ತಿದ್ದೇನೆ. ಲೋಹದ ಹಲ್ಲಿನ ಕ್ಯಾಪ್ ಹಾಕಿಸಿಕೊಳ್ಳುವವರಿಗೆ ಕೊಡಲು, ಪರಿಚಯದ ಡಾಕ್ಟರೊಬ್ಬರಿಗೆ ಒಂದು ಪುಟದ ಕನ್ನಡ ಕರಪತ್ರ ಬರೆದುಕೊಡುತ್ತಿದ್ದೇನೆ. ಎರಡು ಪದ ಕಾಡುತ್ತಿವೆ.

ಮೊದಲನೆಯದು ಪಾಲಿಶ್. ‘ಸರಿಯಾಗಿ ಪಾಲಿಶ್ ಹಾಕದ ಕ್ಯಾಪಿನಿಂದ ನಿಕಲ್ ಜಾಸ್ತಿ ಬರುತ್ತದೆ’ ಎಂದು ಬರೆದು ಚಿಕ್ಕಮ್ಮನಿಗೆ ಓದಿಸಿದೆ. ಅವರ ಬಾಯಲ್ಲೂ ಅಂಥದ್ದೊಂದಿದೆ. ಓದಿ ಮುಗಿಸಿದವರೇ, ‘ನನ್ನದರ ಪಾಲಿಶ್ ಎದ್ದುಹೋಗಿರ್ಬೇಕು, ಇನ್ನೊಂದು ಕೋಟ್ ಹಾಕಿಸ್ಲಾ?’ ಅಂದರು. ತಪ್ಪು ಅವರದಲ್ಲ, ನನ್ನ ‘ಹಾಕು’ವಿನದು. ಶೂಗೆ, ಬೀಟೆ ಮರದ ಬೀರುವಿಗೆ ಪಾಲಿಶ್ ಹಾಕುವುದೆಂದರೆ ಮೇಲೆ ಏನೋ ಬಳಿಯುವುದು. ಹಲ್ಲಿನ ಲ್ಯಾಬಿನಲ್ಲಿ ಇದು ಉಲ್ಟಾ. ಎರಕ ಹೊಯ್ದ ಕ್ಯಾಪನ್ನು ಮೊದಲು ಕಲ್ಲಿನ ಚಕ್ರದಲ್ಲಿ ತೇಯುತ್ತಾರೆ, ಆಮೇಲೆ ರಬ್ಬರ್ ಚಕ್ರ, ಕೊನೆಗೆ ಪೇಸ್ಟ್ ಹಚ್ಚಿದ ಬ್ರಶ್. ಕಲ್ಲು ಬಿಟ್ಟ ಗೀರನ್ನು ರಬ್ಬರ್ ತೆಗೆಯಬೇಕು, ರಬ್ಬರ್ ಬಿಟ್ಟದ್ದನ್ನು ಪೇಸ್ಟ್. ನಿಕಲ್-ಕ್ರೋಮಿಯಂ ಲೋಹವನ್ನು ಕಾಯುವ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆ ಯಾರೂ ಬಳಿದದ್ದಲ್ಲ, ಗಾಳಿ ತಾಗಿ ತಾನೇ ಕಟ್ಟಿಕೊಳ್ಳುವುದು. ಮೈ ತರಿತರಿಯಾಗಿದ್ದರೆ ಎಂಜಲು ತಾಗುವ ಜಾಗ ಜಾಸ್ತಿ. ಗೀರಿನೊಳಗೆ ಹಲ್ಲಿನ ಪಾಚಿಯೂ ಕೂರುತ್ತದೆ.

ಹಾಗಾಗಿ ಮೊದಲ ಹಂತಕ್ಕೆ ‘ಸಾಣೆ ಹಿಡಿಯುವುದು’, ಕೊನೆಯದಕ್ಕೆ ‘ಒಪ್ಪ ಕೊಡುವುದು’ ಅಂತ ಬರೆಯೋಣ ಎಂದುಕೊಂಡೆ. ನಮ್ಮ ಕೊಡವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪೀಚೆಕತ್ತಿಗೆ ಸಾಣೆ, ಅದರ ಒರೆಯ ಬೆಳ್ಳಿಗೆ ಒಪ್ಪ. ಆದರೆ ಈಗಿನವರು ಈ ಪದವನ್ನು ‘ಒಪ್ಪ ಓರಣ’ದಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿರುವುದಿಲ್ಲ, ಅಲ್ವಾ?

ಎರಡನೆಯದು ‘ಅಯಾನುಗಳ ಬಿಡುಗಡೆ’ (ಅಯಾನು ಅಂದರೆ ವಿದ್ಯುದಾವೇಶ ಇರುವ ಪರಮಾಣು; ಇಲ್ಲಿ ಲೋಹದ್ದು). ನನಗೆ ಬಿಡುಗಡೆ ಎಂದರೆ ಸಿನಿಮಾ, ಇಲ್ಲವೇ ಹಾರಂಗಿಯ ನೀರು. ಯಾರೋ ಗೇಟು ತೆಗೆದಿರಬೇಕು. ‘ಸೋರುವುದು’ ಅಂದರೆ ತೂತು ಬಿದ್ದಂತೆ. ‘ಲೋಹದ ಕಣ ಉದುರುತ್ತದೆ’ ಅಂದರೆ ಪುಡಿ ಬಿದ್ದಂತೆ. ಇಲ್ಲಿ ಲೋಹ ಕಣ್ಣಿಗೆ ಕಾಣದ ಹಾಗೆ ಎಂಜಲಿನಲ್ಲಿ ಕರಗಿ ಸೇರುತ್ತದೆ. ‘ಕಿಲುಬು’ ಹತ್ತಿರ ಬಂತು, ಆದರೆ ಅದು ಹಿತ್ತಾಳೆಯ ಮೇಲೆ ಹಸಿರಾಗಿ ಕಾಣುತ್ತದೆ.

ಹೊಸ ಸೀರೆ ಬಣ್ಣ ಬಿಡುತ್ತದಲ್ಲ, ಹಾಗೆ ‘ಲೋಹ ಬಿಡುತ್ತದೆ’ ಅಂದರೆ ಸಾಕು ಅನಿಸುತ್ತದೆ. ಹುಳಿ ತಾಗಿದರೆ ಜಾಸ್ತಿ ಬಿಡುತ್ತದೆ. ಪರೀಕ್ಷೆ ಮಾಡುವುದೂ ಹುಳಿಯಲ್ಲೇ: ಲ್ಯಾಕ್ಟಿಕ್ ಆಮ್ಲ ಮತ್ತು ಉಪ್ಪಿನ ನೀರಿನಲ್ಲಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, 7 ದಿನ ಮುಳುಗಿಸಿಡುತ್ತಾರೆ. ಅಷ್ಟರಲ್ಲಿ ಒಂದು ಚದರ ಸೆಂಟಿಮೀಟರ್ ಮೈಯಿಂದ 200 ಮೈಕ್ರೋಗ್ರಾಂಗಿಂತ ಹೆಚ್ಚು ಬಿಡಬಾರದು. (ಕೊಡಗಿನ ಅಡುಗೆಯ ಹುಳಿ, ಕಾಚಂಪುಳಿ, ತಿನ್ನುವುದು ಬಿಡಿ ಅನ್ನುತ್ತಿಲ್ಲ. ಅದು ಬಾಯಲ್ಲಿ 7 ದಿನ ಇರುವುದಿಲ್ಲ.)

ಇನ್ನೊಂದು, ಇಂಗ್ಲಿಷಿನ ‘ಪಾಲಿಶಿಂಗ್ ಕಂಡೀಷನ್ಸ್’ ಅನ್ನುವುದಕ್ಕೆ ‘ಪರಿಸ್ಥಿತಿ’ ಬರೆದಿದ್ದೆ, ಹೊಡೆದುಹಾಕಿದೆ. ‘ಪಾಲಿಶ್ ಮಾಡಿದ ರೀತಿ’ ಸಾಕು. ಎಷ್ಟು ಒತ್ತಿದರು, ಎಷ್ಟು ಹೊತ್ತು, ಯಾವ ಪೇಸ್ಟ್, ಎಲ್ಲ ಅದರಲ್ಲೇ ಬಂತು.

ನಿಮ್ಮ ಕಡೆ ಅಕ್ಕಸಾಲಿಗರು ಕೊನೆಯ ಉಜ್ಜುವಿಕೆಗೆ ಈಗಲೂ ‘ಒಪ್ಪ’ ಅನ್ನುತ್ತಾರಾ? ಚಿಕ್ಕಮ್ಮನಂಥವರಿಗೆ ಓದಿಸಿ ನೋಡಿದವರಿದ್ದರೆ ಇನ್ನೂ ಒಳ್ಳೆಯದು.