ಸಹಾಯ ಬೇಕು: ಸೈನೈಡ್ ದಿಬ್ಬದ ಪಕ್ಕದ ಹೊಲಕ್ಕೆ ಯಾವ ಗಿಡ?

ಎಲ್ಲರಿಗೂ ನಮಸ್ಕಾರ. ನಮ್ಮದು ಕೆಜಿಎಫ್ ಹತ್ತಿರ ಒಂದೂವರೆ ಎಕರೆ. ಚಿನ್ನದ ಗಣಿ 2001ರಲ್ಲೇ ಮುಚ್ಚಿದರೂ ಸೈನೈಡ್ ದಿಬ್ಬದ (ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಸುರಿದ ಅದಿರಿನ ಪುಡಿಯ ರಾಶಿ) ಪುಡಿ ಆಷಾಢದ ಗಾಳಿಗೆ ಹಾರಿ, ಮಳೆಗೆ ಕೊಚ್ಚಿ ಹೊಲಕ್ಕೇ ಬರುತ್ತೆ. ತಗ್ಗಿನ ಕಡೆ ರಾಗಿ ಗೇಣುದ್ದಕ್ಕೇ ಹಳದಿ ತಿರುಗುತ್ತೆ. ಬಿಸಿಲಿಗೆ ನೆಲದ ಮೇಲೆ ಉಪ್ಪಿನ ಹಾಗೆ ಬಿಳಿ ಹಕ್ಕಳೆ. ಬದುವಿನ ನುಗ್ಗೆ ಒಣಗಿತು, ಹೊಂಗೆ ಮಾತ್ರ ಜಗ್ಗಿಲ್ಲ.

ಅದಕ್ಕೇ ಹೊಂಗೆ, ಬಂದರಿಕೆ, ನಡುವೆ ಲಾವಂಚ ಹಾಕೋಣ ಅಂತಿದ್ದೀನಿ. ಲಾವಂಚ ಸೀಸ, ಆರ್ಸೆನಿಕ್‌ನಂಥವನ್ನು ಹೆಚ್ಚಾಗಿ ಬೇರಲ್ಲೇ ಹಿಡಿದಿಟ್ಟುಕೊಳ್ಳುತ್ತೆ (ಬೇರು ಮಾರೋ ಆಸೆ ಅಲ್ಲಿಗೆ ಮುಗೀತು!). ಆದರೆ ಗರಿ ಹಸುವಿಗೆ ಹಾಕಬಹುದಾ? ಗುಂಡಿಗೆ ಎಷ್ಟು ಕೊಟ್ಟಿಗೆ ಗೊಬ್ಬರ ಬೇಕು? ಸಾರಜನಕ, ರಂಜಕ ಅಲ್ಲ, ಮಣ್ಣಿನ ಆರ್ಸೆನಿಕ್ ಪರೀಕ್ಷೆ ಎಲ್ಲಿ ಮಾಡ್ತಾರೆ? ಇಂಥ ನೆಲದಲ್ಲಿ ಗಿಡ ಎಬ್ಬಿಸಿದವರಿದ್ದರೆ ದಯವಿಟ್ಟು ತಿಳಿಸಿ. ಮುಂಗಾರಿಗೆ ಮೊದಲು ಗುಂಡಿ ತೆಗೆಸಬೇಕು.